ಮೂಲೆ ಸವೆದ ಮರಳು

ನಮ್ಮ ದೊಡ್ಡಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತೇವೆ. ಮರಳು ಸುರಿಯುತ್ತಾಳೆ ಎಂದರೆ ಜನ ನಗುತ್ತಾರೆ. ಆದರೆ ನಿಜ ಅದೇ. ಕಟ್ಟಡದ ಅಡಿಪಾಯಕ್ಕೆಂದು ಮಣ್ಣು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಮರಳು ಸುರಿಯುತ್ತಿದ್ದಾಳೆ. ತನ್ನ ಹಾಗೆ ಸುರಿಯುವವರು ಇನ್ನೊಬ್ಬರಿಲ್ಲ ಎಂಬುದು ಅವಳ ಅಭಿಪ್ರಾಯ. ಬೇರೆಯವರ ಅಭಿಪ್ರಾಯವನ್ನು ಅವಳು ಕೇಳಿಲ್ಲ.

ಅಲ್ಲೊಂದು ಅಂಗೈಯಗಲದ ಲೋಹದ ಪೆಟ್ಟಿಗೆ ಇದೆ, ಅಡ್ಡಕ್ಕೆ ಎರಡು ಹೋಳಾಗುವಂಥದ್ದು. ಒಳಗೆ ಮರಳು ಸುರಿದು ಮೇಲೆ ತೂಕ ಇಟ್ಟರೆ ಯಂತ್ರ ಒಂದು ಹೋಳನ್ನು ಪಕ್ಕಕ್ಕೆ ತಳ್ಳುತ್ತದೆ. ಜಾರುವ ಮುಂಚೆ ಮರಳು ಎಷ್ಟು ಹಟ ಹಿಡಿಯಿತು ಎಂಬುದೇ ಪರೀಕ್ಷೆ. ಸುರಿಯುವ ಎತ್ತರ ಒಂದು ಬೆರಳು ಆಚೀಚೆಯಾದರೂ ಉತ್ತರ ಬೇರೆಯಾಗುತ್ತದೆ. ಯಂತ್ರ ಸರಿಯಿದೆಯೇ ಎಂದು ತಿಳಿಯಲು ಪ್ರತಿ ಸೋಮವಾರ ಅಳತೆ ಮೊದಲೇ ಗೊತ್ತಿರುವ ಒಂದು ಜಾತಿಯ ಮರಳನ್ನು ಹಾಕಿ ನೋಡುತ್ತಾರೆ. ಮರಳಿನ ಹಟವನ್ನು ಕೋನದಲ್ಲಿ ಅಳೆಯುತ್ತಾರೆ; ಇದಕ್ಕೆ ಮೂವತ್ತಾರು ಡಿಗ್ರಿ ಬರಬೇಕು.

ಬರುತ್ತಿತ್ತು ಕೂಡ. ಆಮೇಲಾಮೇಲೆ ಮೂವತ್ತೈದಾಯಿತು, ಮೂವತ್ನಾಲ್ಕಾಯಿತು, ಈ ವರ್ಷ ಮೂವತ್ತಮೂರಕ್ಕೆ ಬಂದು ನಿಂತಿತು. ಮೆಕ್ಯಾನಿಕ್ ಬಂದು ಯಂತ್ರ ಬಿಚ್ಚಿ, ಜೋಡಿಸಿ, ಏನೂ ದೋಷವಿಲ್ಲ ಎಂದು ಬರೆದುಕೊಟ್ಟು ಹೋದ. ಹೊಸದಾಗಿ ಬಂದ ಸಾಹೇಬರು ದೊಡ್ಡಮ್ಮನನ್ನು ಕರೆದರು.

"ವಯಸ್ಸಾದ ಮೇಲೆ ಕೈ ನಡುಗೋದು ಸಹಜ ಅಮ್ಮಾ. ಮುಂದಿನ ವಾರದಿಂದ ಫೈಲ್ ರೂಮಿಗೆ ಹೋಗಿ, ಆರಾಮಾಗಿ ಕೂತ್ಕೊಳ್ಳಿ."

ಅವತ್ತು ಸಂಜೆ ದೊಡ್ಡಮ್ಮ ಅಂಚಿನವರೆಗೆ ನೀರು ತುಂಬಿದ ಲೋಟ ಹಿಡಿದು ನನ್ನ ಮುಂದೆ ನಿಂತಳು.

"ನಡುಗ್ತಿದ್ಯೇನೇ?"

"ಇಲ್ಲ ದೊಡ್ಡಮ್ಮ."

"ಸರಿಯಾಗಿ ನೋಡಿ ಹೇಳು."

ಒಂದು ಹನಿಯೂ ಚೆಲ್ಲಲಿಲ್ಲ. ಅವಳ ಕಣ್ಣು ಮಾತ್ರ ತುಂಬಿತ್ತು. ನನಗೆ ಆ ಸಾಹೇಬರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಈಗ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ದೊಡ್ಡಮ್ಮ ಟೂತ್‌ಪೇಸ್ಟ್ ಮುಗಿದ ಮೇಲೆ ಟ್ಯೂಬನ್ನು ಕತ್ತರಿಯಿಂದ ಸೀಳಿ ಇನ್ನೊಂದು ವಾರ ತಳ್ಳುವವಳು. ಪ್ರಯೋಗಾಲಯದ ನಿಯಮ ಏನೆಂದರೆ, ಸೋಮವಾರದ ಮರಳನ್ನು ಒಮ್ಮೆ ಬಳಸಿ ಬಿಸಾಡಬೇಕು. ಅವಳಿಗೆ ಮನಸ್ಸು ಬರುತ್ತದೆಯೇ? ಜರಡಿ ಹಿಡಿದು, ಪುಡಿ ತೆಗೆದು, ಮರಳಿನ ಡಬ್ಬಕ್ಕೇ ವಾಪಸ್ಸು ಸುರಿಯುತ್ತಿದ್ದಳು. ಹೀಗೆ ಹನ್ನೊಂದು ವರ್ಷ. ಹೊಸ ಮರಳಿನ ಚೀಲಗಳು ಉಗ್ರಾಣದಲ್ಲಿ ಹೊಲಿಗೆ ಬಿಚ್ಚದೆ ಕೂತಿದ್ದವು.

ಮರುದಿನ ಹಟಕ್ಕೆ ಬಿದ್ದು ಒಂದು ಹೊಸ ಚೀಲ ಬಿಚ್ಚಿದಳು. ಅದೇ ಕೈ, ಅದೇ ಎತ್ತರ. ಮೂವತ್ತಾರು ಬಂತು. ಡಬ್ಬದ ಮರಳು ಹಾಕಿದರೆ ಮತ್ತೆ ಮೂವತ್ತಮೂರು. ಎರಡನ್ನೂ ಭೂತಗನ್ನಡಿಯ ಕೆಳಗಿಟ್ಟು ನೋಡಿದಳು. ಹೊಸ ಕಾಳುಗಳು ಒಡೆದ ಕಲ್ಲುಸಕ್ಕರೆಯಂತೆ ಮೂಲೆ ಮೂಲೆಯಾಗಿ, ಒರಟಾಗಿ, ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಹಳೆಯವು ಸಾಸಿವೆಯ ಹಾಗೆ ದುಂಡಗೆ, ನುಣ್ಣಗೆ. ತೂಕದಡಿ ಉಜ್ಜಿ ಉಜ್ಜಿ ಮೂಲೆಗಳೆಲ್ಲ ಸವೆದಿದ್ದವು. ದುಂಡು ಕಾಳಿಗೆ ಹಿಡಿತವೆಲ್ಲಿ? ತಳ್ಳಿದರೆ ಉರುಳುತ್ತದೆ. ಹನ್ನೊಂದು ವರ್ಷ ಅವಳು ಜರಡಿ ಹಿಡಿದು ಚೆಲ್ಲಿದ ಪುಡಿ ಆ ಮೂಲೆಗಳೇ.

ಬಾಯಿ ಮುಚ್ಚಿಕೊಂಡು ಹೊಸ ಮರಳು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆಗ ಸಾಹೇಬರು ಬೈದಿದ್ದಕ್ಕೆ ಕೈ ಸರಿಹೋಯಿತು ಎಂದಾಗುತ್ತಿತ್ತಲ್ಲ? ಅದನ್ನು ಅವಳು ಸಹಿಸುವವಳಲ್ಲ. ನೇರವಾಗಿ ಸಾಹೇಬರ ಕೋಣೆಗೆ ಹೋದಳು.

"ಸಾರ್, ನನ್ ಕೈ ಸರಿಯಿಲ್ಲ. ನೀವೇ ಒಂದ್ಸಲ ಸುರಿದು ತೋರಿಸಿಬಿಡಿ, ಕಲೀತೀನಿ."

ಸಾಹೇಬರು ಅಂಗಿಯ ತೋಳು ಮಡಚಿ, ಉಸಿರು ಬಿಗಿಹಿಡಿದು, ಹಳೆಯ ಡಬ್ಬದಿಂದ ಸುರಿದರು. ಮೂವತ್ತೆರಡೂವರೆ ಬಂತು.

"ಅಯ್ಯೋ ಪಾಪ," ಎಂದಳು ದೊಡ್ಡಮ್ಮ. "ನಿಮಗಿನ್ನೂ ಚಿಕ್ಕ ವಯಸ್ಸು ಸಾರ್. ಫೈಲ್ ರೂಮಲ್ಲಿ ಇಬ್ಬರಿಗೆ ಜಾಗ ಆಗುತ್ತಾ?"

ಆಮೇಲೆ ಭೂತಗನ್ನಡಿ ಅವರ ಮುಂದಿಟ್ಟು ಇದ್ದದ್ದನ್ನೆಲ್ಲ ಇದ್ದ ಹಾಗೆ ಒಪ್ಪಿಕೊಂಡಳು. ಸಾಹೇಬರು ತುಂಬ ಹೊತ್ತು ಕಾಳುಗಳನ್ನು ನೋಡಿದರು, ನಂತರ ಅವಳ ಕೈಗಳನ್ನು ನೋಡಿದರು.

ಸಂಜೆ ಅವಳಿಗೆ ಮೆಮೊ ಬಂತು. ಉದ್ಯೋಗದಲ್ಲಿ ಮೊದಲನೆಯದು. ಮನೆಗೆ ತಂದು ನನ್ನ ಕೈಲಿ ಜೋರಾಗಿ ಓದಿಸಿದಳು. "ನಿಯಮ ಮೀರಿ ಹನ್ನೊಂದು ವರ್ಷ ಒಂದೇ ಮರಳನ್ನು ಬಳಸಿದ್ದಕ್ಕಾಗಿ ಎಚ್ಚರಿಕೆ ನೀಡಲಾಗಿದೆ. ಪರೀಕ್ಷಕಿಯ ಕೈಯಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಅವರು ಯಂತ್ರದ ಬಳಿಯೇ ಮುಂದುವರಿಯತಕ್ಕದ್ದು."

"ಮೊದಲನೇ ಸಾಲು ಬಿಟ್ಟು ಇನ್ನೊಂದ್ಸಲ ಓದೇ," ಎಂದಳು.