ನನ್ನ ಮೊದಲ ಲಟ್ಟಣಿಗೆ

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಇವತ್ತು ಹಲಸಿನ ಕೊಂಬೆ ಕಡಿಯುತ್ತಿದ್ದರು. ಸದ್ದಿಗೆ ಬೈಯಲೆಂದೇ ಕಿಟಕಿ ತೆರೆದವಳು ಆ ಹಸಿ ವಾಸನೆಗೆ ಅಲ್ಲೇ ನಿಂತೆ. ಕನ್ನಡಕ ಎಲ್ಲಿಟ್ಟೆ ಎಂಬುದು ನನಗೆ ನೆನಪಿರುವುದಿಲ್ಲ, ಮೂಗು ಮಾತ್ರ ಏನನ್ನೂ ಮರೆಯುವುದಿಲ್ಲ ನೋಡಿ.

ತೊಂಬತ್ತರ ದಶಕ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವಳು. ಟರ್ನರ್‌ಗಳು ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆದು ತಂದ ಕಬ್ಬಿಣದ ತುಂಡುಗಳನ್ನು ವರ್ನಿಯರ್ ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ‘ರಿಜೆಕ್ಟ್’ ಎನ್ನುವುದು, ಇದೇ ಕೆಲಸ. ಎಷ್ಟು ಗತ್ತಿನಿಂದ ಅನ್ನುತ್ತಿದ್ದೆ ಅಂತೀರಿ! ಒಂದು ದಿನ, ಹೊಸದಾಗಿ ಮದುವೆಯಾಗಿದ್ದ ಟರ್ನರ್ ಬಸವರಾಜನಿಗೆ ರೇಗಿಹೋಯಿತು.

“ಅಳೆಯೋದು ಸುಲಭ ಮೇಡಂ. ನೀವೇ ಏನಾದ್ರೂ ಒಂದು ಮಾಡ್ಕೊಂಡು ಬನ್ನಿ, ನೋಡೋಣ.”

“ತರ್ತೀನಿ ಕಣ್ರೀ,” ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹಾಗೇ, ನನಗಿಂತ ಮುಂದೆ.

ಪುಣ್ಯಕ್ಕೆ ನಮ್ಮ ಬಾಡಿಗೆಮನೆಯ ಮಾಲೀಕರು ಮುನಿರಾಜಣ್ಣ ಹಿತ್ತಲಿನ ಶೆಡ್ಡಿನಲ್ಲಿ ಮರದ ಲೇತ್ ಇಟ್ಟುಕೊಂಡು ಮಂಚದ ಕಾಲು ಕಡೆಯುತ್ತಿದ್ದರು. ಕಲಿಯಲೆಂದು ಹಸಿ ಹಲಸಿನ ಕೊಂಬೆಯೊಂದನ್ನು ಸಿಕ್ಕಿಸಿಕೊಟ್ಟರು. ಸೆರಗು ಬಿಗಿಯಾಗಿ ಸುತ್ತಿಕೊಂಡು, ಗಿರ್ರನೆ ತಿರುಗುವ ಕೊಂಬೆಗೆ ಉಳಿ ತಾಕಿಸಿದೆನೋ ಇಲ್ಲವೋ, ಢಣ್! ಕೊಂಬೆ ಹಾರಿ ಗೋಡೆಗೆ, ನಾನು ಹಾರಿ ಬಾಗಿಲಿಗೆ.

“ಅಂಗೆ ಕುತ್ತಿಗೆ ಇಸುಕ್ದಂಗೆ ಇಡೀಬ್ಯಾಡಿ ಕಣಮ್ಮ,” ಮುನಿರಾಜಣ್ಣ ನಕ್ಕರು. “ಉಳೀನ ಈ ಪಟ್ಟಿ ಮ್ಯಾಲೆ ಒರಗಿಸ್ಕಳಿ. ಮೆಲ್ಲಕ್ಕೆ ತಾಗ್ಸಿ.”

ಹಲವು ಭಾನುವಾರಗಳು ಕಳೆದ ಮೇಲೆ ಉಳಿ ಕಚ್ಚದೆ ಸರ್ರನೆ ಸರಿಯಿತು. ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಕೈಮೇಲೆ ಬಿತ್ತು. ಅಯ್ಯೋ, ಆ ಖುಷಿ! ಲಟ್ಟಣಿಗೆಯೊಂದು ತಯಾರಾಯಿತು. ಯಂತ್ರ ನಿಲ್ಲಿಸಿ ಅಳೆದೆ. ಎಲ್ಲಿ ನೋಡಿದರೂ ದುಂಡಗೆ, ಒಂದೇ ಸಮ. ಕೆಲವು ದಿನ ಮನೆಗೆ ಬಂದವರಿಗೆಲ್ಲ ತೋರಿಸಿ ಬೀಗಿ, ಆಮೇಲೆ ಕಾರ್ಖಾನೆಗೆ ಒಯ್ದೆ.

ಹಸಿ ಮರ ಒಣಗುತ್ತಾ ಆಕಾರ ಬದಲಿಸುತ್ತದೆ ಎಂದು ಕಬ್ಬಿಣ ಅಳೆಯುವವಳಿಗೆ ಹೇಗೆ ಗೊತ್ತಿರಬೇಕು? ಊಟದ ಹೊತ್ತಿಗೆ ಟರ್ನರ್‌ಗಳೆಲ್ಲ ಸುತ್ತ ನೆರೆದರು. ಬಸವರಾಜ ನನ್ನದೇ ವರ್ನಿಯರ್ ಹಿಡಿದು, ನನ್ನ ಹಾಗೆಯೇ ಹುಬ್ಬು ಗಂಟಿಕ್ಕಿ ಅಳೆದ.

“ಇದು ದುಂಡಗೇ ಇಲ್ವಲ್ಲ ಮೇಡಂ! ರಿಜೆಕ್ಟ್.”

“ಅದು ಮರ ಕಣ್ರೀ! ಕೈಯಲ್ಲಿ ಮಾಡಿದ್ದು, ಸ್ವಲ್ಪ ಹೆಚ್ಚುಕಮ್ಮಿ ಆಗುತ್ತಪ್ಪ...” ಎಂದವಳು ತಟ್ಟನೆ ಬಾಯಿ ಮುಚ್ಚಿದೆ. ಅವರು ದಿನಾ ನನಗೆ ಹೇಳುತ್ತಿದ್ದ ಮಾತೇ ಅದು! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ಬಸವರಾಜ ಮಾತ್ರ ಲಟ್ಟಣಿಗೆಯನ್ನು ಕೆಳಗಿಡಲಿಲ್ಲ. ಅಂಗೈ ಮೇಲೆ ಉರುಳಿಸಿ ನೋಡುತ್ತಾ ಮೆಲ್ಲಗೆ ಕೇಳಿದ: “ನಮ್ಮನೆಯವ್ಳಿಗೂ ಇಂಥದ್ದೊಂದು ಮಾಡ್ಕೊಡ್ತೀರಾ ಮೇಡಂ?”

ನಿವೃತ್ತಿಯ ದಿನ ಹಾರ ಹಾಕಿ ಹೊಗಳಿದವರು ಏನೇನು ಹೇಳಿದರೋ, ಒಂದೂ ನೆನಪಿಲ್ಲ. ಬಸವರಾಜನ ಆ ಪ್ರಶ್ನೆ ನೆನೆದರೆ ಮಾತ್ರ ಈಗಲೂ, ಹೀಗೆ ಒಬ್ಬಳೇ ನಿಂತಿದ್ದರೂ, ಮುಖ ಅರಳುತ್ತದೆ. ಮಾಡಿಕೊಟ್ಟೆ ಅನ್ನಿ. ಅದನ್ನು ಅವನೂ ಅಳೆಯಲಿಲ್ಲ, ನಾನೂ ಅಳೆಯಲಿಲ್ಲ.