ತತ್ತ್ವಜ್ಞಾನಿ ‘ನಾನು’ ಎಂದ ದಿನ

೨೦೨೧ರಲ್ಲಿ ನಾನು ಮಲೇಷ್ಯಾದ ಸೈಬರ್‌ಜಯಾದಲ್ಲಿ ಪುಟ್ಟ ಸ್ಟುಡಿಯೊ ಒಂದರಲ್ಲಿ ಸಾಕ್ಷ್ಯಚಿತ್ರಗಳ ಎಡಿಟರ್ ಆಗಿದ್ದೆ. ಲಾಕ್‌ಡೌನ್ ಆದ್ದರಿಂದ ಸ್ಟುಡಿಯೊ ಎಂದರೆ ನಮ್ಮ ಮನೆಯ ಊಟದ ಮೇಜು. ಮಾತು ಉದ್ದವಾದರೆ ಕತ್ತರಿ ಹಾಕುವುದು ನನ್ನ ಕೆಲಸ, ಸ್ವಭಾವವೂ ಹೌದು.

ನಾನು ಅತಿ ಹೆಚ್ಚು ಕತ್ತರಿಸಿದ್ದು ಪ್ರೊಫೆಸರ್ ಶ್ರೀಕಂಠ ಅವರ ಮಾತನ್ನು. ಮೈಸೂರಿನವರು, ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದ ತತ್ತ್ವಜ್ಞಾನಿ. ಯಾರು ರಾಜಕೀಯ ಸಾಕ್ಷ್ಯಚಿತ್ರ ತೆಗೆದರೂ ಪುಸ್ತಕದ ಕಪಾಟಿನ ಮುಂದೆ ಕೂತು ಅರ್ಥ ವಿವರಿಸಲು ಅವರೇ ಬೇಕು. ಇಂಥವರನ್ನು ನಾವು ‘ಟಾಕಿಂಗ್ ಹೆಡ್’ ಎನ್ನುತ್ತೇವೆ, ಅಂದರೆ ಮಾತಾಡುವ ತಲೆ. ಅವರು ‘ಮನುಷ್ಯ’ ಎಂದು ಶುರು ಮಾಡಿದರೆ, ಅಬ್ಬಬ್ಬಾ, ಮುಗಿಯುತ್ತಲೇ ಇರಲಿಲ್ಲ.

ಆ ವರ್ಷದ ಚಿತ್ರ ಕಾರ್ಖಾನೆಯೊಂದರ ಕಾರ್ಮಿಕರ ಹಾಸ್ಟೆಲ್ ಕುರಿತದ್ದು. ನಿರ್ದೇಶಕಿ ನಸೀಮಾ ಹುಬ್ಬಳ್ಳಿಯವಳು, ಇಲ್ಲಿನ ಕಾರ್ಖಾನೆಗಳ ಊರಾದ ಬಯಾನ್ ಲೆಪಾಸ್‌ನಲ್ಲಿ ವಾಸ. ಚಿತ್ರದ ಜೀವವೆಂದರೆ ಕೋಲಾರ ಕಡೆಯ ಒಬ್ಬ ಕಾರ್ಮಿಕ. ಅವನನ್ನು ವೆಂಕಟೇಶ ಎನ್ನೋಣ. ಕೋವಿಡ್ ಬಂದಿದ್ದ ರೂಮಿನ ಗೆಳೆಯನನ್ನು ಯಾರೂ ಆಸ್ಪತ್ರೆಗೆ ಒಯ್ಯಲಿಲ್ಲ, ಅವನು ಉಳಿಯಲಿಲ್ಲ. ವೆಂಕಟೇಶ ವಿಡಿಯೊ ಕರೆಯಲ್ಲಿ ಅದನ್ನೆಲ್ಲ ಹೇಳಿದ್ದ.

ಮುಖ ಮಸುಕು ಮಾಡಿ, ದನಿ ಬದಲಿಸಿ, ರಫ್ ಕಟ್, ಅಂದರೆ ಚಿತ್ರದ ಮೊದಲ ಜೋಡಣೆಯನ್ನು ಅವನಿಗೇ ತೋರಿಸಿದೆವು.

“ಅಕ್ಕಾ, ಕೈ ಆಡ್ಸೋದು ನೋಡಿದ್ರೇ ಸಾಕು, ನಾನೇ ಅಂತ ಎಲ್ರಿಗೂ ಗೊತ್ತಾಗುತ್ತೆ. ಕೆಲಸದ ಪರ್ಮಿಟ್ ಹೋದ್ರೆ ನನ್ನ ಕಥೆ ಮುಗೀತು. ಆದ್ರೆ ಆ ಮಾತು ಮಾತ್ರ ತೆಗೀಬೇಡಿ. ಅವನಿಗೋಸ್ಕರ ಹೇಳಿದ್ದು,” ಎಂದ.

ನಸೀಮಾ ತಲೆ ಮೇಲೆ ಕೈ ಹೊತ್ತಳು. “ಈಗೇನ್ ಮಾಡೂಣ್ರೀ? ಅವನ್ನ ತಗದ್ರ ಸಿನಿಮಾನ ಉಳಿಯಂಗಿಲ್ಲ!”

ಅವಳು ಪ್ರೊಫೆಸರಿಗೆ ಫೋನ್ ಮಾಡಿ ಸಂಕಟ ತೋಡಿಕೊಂಡಳು. ಅವರು ಹೇಳಿದ್ದು ಇಷ್ಟೇ: “ನನ್ನ ವಿವರಣೆ ಎಲ್ಲ ಕಿತ್ತು ಬಿಸಾಕಿ. ಅವನ ಮಾತನ್ನ ನಾನು ಹೇಳ್ತೀನಿ.” ಅದು ಬೇರೊಬ್ಬರ ಅನುಭವ ಎಂದು ಚಿತ್ರದಲ್ಲೇ ಬರೆದು ತೋರಿಸಬೇಕೆಂದೂ ಹೇಳಿದರು.

ಮರುದಿನ ಅವರು ಕ್ಯಾಮೆರಾ ಮುಂದೆ ಕೂತರು, ನಾನು ಕರೆಯಲ್ಲಿ ಕೇಳುತ್ತಿದ್ದೆ. “ಭಯ ಆದಾಗ ಮನುಷ್ಯ ಗೋಡೆ ಕಡೆ ತಿರುಗ್ತಾನೆ...”

ನನಗೆ ರೇಗಿತು. “ಸಾರ್, ಮನುಷ್ಯ ಬೇಡ. ‘ನಾನು’ ಅನ್ನಿ.”

“ಅನ್ನಲಿಲ್ವಾ?”

“ಎಲ್ಲಿ ಅಂದ್ರಿ?”

ಎರಡನೇ ಸಲ ‘ನಾವೆಲ್ಲ’ ಎಂದರು. ಮತ್ತೆ ನಿಲ್ಲಿಸಿದೆ. “ಹಳೇ ಚಾಳಿ ಕಣಮ್ಮ, ಬಿಡ್ತಾ ಇಲ್ಲ,” ಎಂದು ನಕ್ಕರು. ನಗು ನಿಂತ ಮೇಲೆ ಕನ್ನಡಕ ತೆಗೆದಿಟ್ಟು ಮತ್ತೆ ಶುರು ಮಾಡಿದರು.

“ಅವನು ನೀರು ಕೇಳಿದ. ನಾನು...” ತುಂಬಾ ಹೊತ್ತು ಸುಮ್ಮನಿದ್ದರು. “ನಾನು ಹೆದರಿ ಗೋಡೆ ಕಡೆ ತಿರುಗಿ ಮಲಗಿದೆ.”

ನನ್ನ ಕಣ್ಣು ತುಂಬಿತು. ಆ ಮೌನವನ್ನು ಒಂದು ಚೂರೂ ಕತ್ತರಿಸಲಿಲ್ಲ. ವೆಂಕಟೇಶ ನೋಡಿ, “ಹಾಕಿ ಅಕ್ಕ,” ಎಂದಷ್ಟೇ ಹೇಳಿ ಫೋನ್ ಇಟ್ಟ.

ಚಿತ್ರವನ್ನು ಆನ್‌ಲೈನ್‌ನಲ್ಲಿ ತೋರಿಸಿದೆವು. ನಂತರದ ಚರ್ಚೆಯಲ್ಲಿ ಕಾರ್ಖಾನೆ ಪರವಾಗಿ ಬಂದಿದ್ದ ಒಬ್ಬರು, ಆ ಕಾರ್ಮಿಕನ ಹೆಸರು ಹೇಳಿ ಎಂದು ಪಟ್ಟು ಹಿಡಿದರು. ನಸೀಮಾಳ ಮುಖ ಬಿಳಿಚಿಕೊಂಡಿತು. ಪ್ರೊಫೆಸರ್ ಮೈಕ್ ಆನ್ ಮಾಡಿ ಇಂಗ್ಲಿಷಿನಲ್ಲಿ ಸಾವಧಾನವಾಗಿ ಹೇಳಿದರು: ತೆರೆಯ ಮೇಲಿರುವುದು ನನ್ನ ಮುಖ, ಹೇಳಿದ ಮಾತಿನ ಹೊಣೆ ನನ್ನದು, ಏನು ಕೇಳುವುದಿದ್ದರೂ ನನ್ನನ್ನೇ ಕೇಳಿ.

ಕೇಳಿದರು ಕೂಡ. ಕಾರ್ಖಾನೆಯ ದೂರು ಹೋಗಿ ಕಾಲೇಜಿನವರು ಅವರಿಂದ ವಿವರಣೆ ಪಡೆದರು, ಕೆಲಕಾಲ ಪಾಠ ಮಾಡುವುದರಿಂದಲೂ ದೂರವಿಟ್ಟರು. ಪ್ರೊಫೆಸರ್ ನಮ್ಮ ಮುಂದೆ ತುಟಿ ಬಿಚ್ಚಲಿಲ್ಲ. ಎಷ್ಟೋ ತಿಂಗಳ ನಂತರ ಅವರ ಹೆಂಡತಿಯಿಂದ ತಿಳಿಯಿತು.

ಸಾಕ್ಷಿ ಹೇಳಿದವನ ಮುಖ ಮರೆಸಿದರೆ ಸಾಲದು, ಅವನ ಬದಲು ಏಟು ತಿನ್ನಲು ಒಬ್ಬರು ಬೇಕು ಎಂಬುದನ್ನು ನನ್ನ ವೃತ್ತಿ ಕಲಿಸಿದ್ದು ಆಗ. ನಮಗೆ ಅಂಥವರು ಸಿಕ್ಕಿದ್ದು ನಮ್ಮ ಪುಣ್ಯ. ಮುಂದಿನ ವರ್ಷ ವೆಂಕಟೇಶನ ಪರ್ಮಿಟ್ ನವೀಕರಣವಾಯಿತು. ಅವನ ನಿಜವಾದ ಹೆಸರು ಇವತ್ತಿಗೂ ಹೊರಗಿನ ಯಾರಿಗೂ ಗೊತ್ತಿಲ್ಲ.