ಚಿಕ್ಕಹನುಮಯ್ಯ ಮೇಷ್ಟ್ರ ವಂದನಾರ್ಪಣೆ

ನೊಣವಿನಕೆರೆ ಕಡೆಯ ಆ ಊರಿನ ಹೈಸ್ಕೂಲಿನಲ್ಲಿ ಪಾಠವೂ ನಡೆಯುತ್ತಿತ್ತು. ಮಿಕ್ಕಂತೆ ಕಣ್ಣಿನ ಶಿಬಿರ, ಪಲ್ಸ್ ಪೋಲಿಯೊ, ವಾಲಿಬಾಲ್ ಪಂದ್ಯ, ತೆಂಗಿಗೆ ನುಸಿರೋಗ ಬಂದ ವರ್ಷ ಬೆಳೆಗಾರರ ಸಭೆ, ಮಳೆ ಹಿಡಿದರೆ ಯಾರದೋ ಮದುವೆ, ಎಲ್ಲವೂ ಅಲ್ಲೇ. ದೊಡ್ಡ ಬಯಲು, ಸಿಮೆಂಟಿನ ವೇದಿಕೆ, ನಲ್ಲಿಯಲ್ಲಿ ನೀರು, ಈ ಮೂರೂ ಒಟ್ಟಿಗಿರುವ ಜಾಗ ಸುತ್ತಲಿನ ಹಳ್ಳಿಗಳಲ್ಲಿ ಬೇರೊಂದಿರಲಿಲ್ಲ. ಸಮಾರಂಭ ಶುರುವಾಗುವುದು ಯಾರಿಂದ ಬೇಕಾದರೂ ಆಗಬಹುದಿತ್ತು. ಮುಗಿಯುವುದು ಮಾತ್ರ ಡ್ರಾಯಿಂಗ್ ಮೇಷ್ಟ್ರು ಚಿಕ್ಕಹನುಮಯ್ಯನವರಿಂದಲೇ.

1974ರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಸ್ವಾಗತ, ಪ್ರಾಸ್ತಾವಿಕ, ನಿರೂಪಣೆ ಎಲ್ಲವನ್ನೂ ಹಿರಿಯ ಮೇಷ್ಟ್ರುಗಳು ಆಗಲೇ ಹಂಚಿಕೊಂಡಿದ್ದರು. ಉಳಿದದ್ದು ವಂದನಾರ್ಪಣೆ. ಹೊಸಬರು ಎಂದು ಅದನ್ನು ಅವರ ತಲೆಗೆ ಕಟ್ಟಿದರು. ಇಪ್ಪತ್ತೆಂಟು ವರ್ಷವಾದರೂ ಅವರು ಹೊಸಬರಾಗಿಯೇ ಉಳಿದರು.

ವಂದನಾರ್ಪಣೆ ಎಂಬ ಯುದ್ಧದ ವಿಶೇಷವೆಂದರೆ, ಸೇನಾಪತಿ ಎದ್ದ ಕೂಡಲೇ ಸೇನೆ ಪಲಾಯನ ಮಾಡುತ್ತದೆ. ಮೇಷ್ಟ್ರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರೆ ಸಾಕು, ಜನ ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದರು. ‘ಮೊದಲನೆಯದಾಗಿ’ ಎನ್ನುವಾಗ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಹಾಕಿಕೊಳ್ಳುತ್ತಿದ್ದರು. ಮೂರನೆಯ ಹೆಸರಿಗೆ ಶಾಮಿಯಾನದವರು ಕುರ್ಚಿ ಮಡಚಲು ತೊಡಗುತ್ತಿದ್ದರು. ಒಮ್ಮೆಯಂತೂ ಮುಖ್ಯ ಅತಿಥಿಗಳು ಕೂತಿದ್ದ ಕುರ್ಚಿಯನ್ನೇ ಎಳೆದಿದ್ದರು.

“ನಾನೆದ್ರೆ ಇಡೀ ಸಭೆ ಎದ್ದು ನಿಲ್ತದೆ ಕಣೇ. ಇಂಥಾ ಮರ್ಯಾದೆ ಮಂತ್ರಿಗಳಿಗೂ ಇಲ್ಲ,” ಎಂದು ಅವರು ಹೆಂಡತಿ ಲಕ್ಷ್ಮಿದೇವಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದರು.

“ನಿಲ್ಲೋದೆಲ್ಲಿ ಬಂತು? ಓಡೋಯ್ತಾರೆ,” ಎನ್ನುತ್ತಿದ್ದರು ಲಕ್ಷ್ಮಿದೇವಮ್ಮ. ಅವರೂ ಓಡುವವರೇ, ಒಲೆ ಹಚ್ಚಬೇಕಲ್ಲ.

ಮೇಷ್ಟ್ರ ಪಟ್ಟಿಯಲ್ಲಿ ಹದಿನಾಲ್ಕು ಹೆಸರು. ಹದಿನಾಲ್ಕನೆಯದು ಮುನಾವರ್‌ದು. ಅವರ ಹಳೆಯ ಶಿಷ್ಯ. ತಿಪಟೂರಿನಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದ. ಓದಿದ ಶಾಲೆ ಎಂದು ಹದಿನಾರು ವರ್ಷದಿಂದ ಇಲ್ಲಿಗೆ ಬಿಟ್ಟಿಯಾಗಿ ಮೈಕು ಹಾಕುತ್ತಿದ್ದ. ಅವನಿಗೂ, ಅವನಿಗಿಂತ ಮುಂಚಿನ ಮೈಕಿನವರಂತೆಯೇ, ಸದಾ ಮುಂದಿನ ಊರಿನಲ್ಲಿ ಇನ್ನೊಂದು ಕೆಲಸ. ಮೇಷ್ಟ್ರು ಹದಿಮೂರನೆಯ ಹೆಸರಿಗೆ ಬರುವಷ್ಟರಲ್ಲಿ ಪ್ಲಗ್ ಕಿತ್ತು ವೈರು ಸುತ್ತುತ್ತಿದ್ದ. ಹೀಗಾಗಿ ಮೇಷ್ಟ್ರು ಯಾವ ಮನುಷ್ಯನಿಗೆ ಅತಿ ಹೆಚ್ಚು ಋಣಿಯೋ ಅವನಿಗೆ ಒಮ್ಮೆಯೂ ವಂದನೆ ಸಂದಿರಲಿಲ್ಲ, ತಪ್ಪಿಸುತ್ತಿದ್ದುದೂ ಅವನ ಕೈಯೇ.

“ಮುಂದಿನೆಸ್ರು ನಿಂದೇ ಕಣ್ಲಾ! ಒಂದ್ ನಿಮಿಷ ತಡ್ಕೊಳ್ಳೋಕಾಗಲ್ವಾ?”

“ನನ್ನೆಸ್ರು ನಂಗೊತ್ತೈತಲ್ಲ ಸಾ. ಅಮ್ಮಸಂದ್ರದಾಗೆ ಸಂಜೆ ನಿಶ್ಚಿತಾರ್ಥ ಐತೆ, ಬತ್ತೀನಿ.”

ಅವನ ಹೆಸರನ್ನೇ ಮೊದಲು ಹೇಳಬಹುದಿತ್ತು. ಆದರೆ ಶಾಲಾ ಸಮಿತಿ ಅಧ್ಯಕ್ಷರಾದ ಮಲ್ಲಿಕಾರ್ಜುನಯ್ಯನವರಿಗಿಂತ ಮುಂಚೆ ಮೈಕಿನವನನ್ನು ನೆನೆದರೆ ಅಧ್ಯಕ್ಷರು ಮೂರು ತಿಂಗಳು ಮಾತು ಬಿಡುತ್ತಿದ್ದರು. ಮೇಷ್ಟ್ರು ಧೈರ್ಯಶಾಲಿಗಳೇ, ಕಾಗದದ ಮೇಲೆ.

2002ರಲ್ಲಿ ಅವರ ನಿವೃತ್ತಿ ಬಂತು. ಭಾನುವಾರ ಸನ್ಮಾನ, ಹೋಳಿಗೆ ಊಟ ಎಂದು ಸಮಿತಿ ತೀರ್ಮಾನಿಸಿತು. ಮೇಷ್ಟ್ರು ಒಂದೇ ಷರತ್ತು ಹಾಕಿದರು: ವಂದನಾರ್ಪಣೆ ತಾವೇ ಮಾಡಬೇಕು.

“ಹಾರ ಹಾಕಿಸ್ಕೊಂಡೋರೇ ವಂದನೆ ಹೇಳದು ಎಲ್ಲಾದ್ರೂ ಉಂಟೇನ್ರೀ?” ಎಂದರು ಮಲ್ಲಿಕಾರ್ಜುನಯ್ಯ.

“ಸ್ವಾಮಿ, ಇಪ್ಪತ್ತೆಂಟು ವರ್ಷದಾಗೆ ಒಂದ್ಸಲನೂ ಪೂರ್ತಿ ಹೇಳಿಲ್ಲ. ಕೊನೇ ಸಲ ಒಂದ್ ಹೇಳ್ಕಂಡ್ಬುಡ್ತೀನಿ. ಬೇಕಾರೆ ಹಾರ ಬ್ಯಾಡ.”

ಸಮಿತಿ ಒಪ್ಪಿತು. ಮೇಷ್ಟ್ರು ಮರುದಿನವೇ ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಆ ಭಾನುವಾರ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದಂತೆ ಮುನಾವರ್‌ನ ಡೈರಿಯಲ್ಲಿ ಬರೆಸಿ, ತಾವೇ ಅದರ ಕೆಳಗೆ ಗೆರೆ ಎಳೆದು ಬಂದರು. ಡ್ರಾಯಿಂಗ್ ಮೇಷ್ಟ್ರ ಗೆರೆ, ನೆಟ್ಟಗಿತ್ತು.

ಸನ್ಮಾನದ ದಿನ ಏಳು ಜನ ಅವರನ್ನು ಹೊಗಳಿದರು. ಒಬ್ಬರು ಅವರನ್ನು ಕಲ್ಪವೃಕ್ಷಕ್ಕೆ ಹೋಲಿಸಿದರು. ಮೇಷ್ಟ್ರ ಕಿವಿಗೆ ಒಂದೂ ಬೀಳಲಿಲ್ಲ. ಕಣ್ಣು ಮುನಾವರ್‌ನ ಕೈಮೇಲಿತ್ತು, ಕೈ ಜೇಬಿನ ಪಟ್ಟಿಯ ಮೇಲಿತ್ತು. ಒಂದೂವರೆಗೆ ಅವರು ಎದ್ದರು. ಸಭೆಯೂ ಎದ್ದಿತು. ಹೋಳಿಗೆಯ ವಾಸನೆ ಬೇರೆ ಬರುತ್ತಿತ್ತು. ಐದನೆಯ ಹೆಸರಿಗೆ ಎದುರಿಗೆ ಉಳಿದವರು ಇಬ್ಬರು: ಲಕ್ಷ್ಮಿದೇವಮ್ಮ, ಮುನಾವರ್. ಮೇಷ್ಟ್ರು ಹಿಂಜರಿಯಲಿಲ್ಲ. ಎಲ್ಲರಿಗೂ ವಿವರವಾಗಿ ವಂದಿಸುತ್ತ ಇಪ್ಪತ್ತು ನಿಮಿಷ ನಡೆದು ಹದಿಮೂರನ್ನು ದಾಟಿದರು. ಮುನಾವರ್ ಕೈಕಟ್ಟಿ ಕೂತಿದ್ದ.

“ಹದಿನಾರು ವರ್ಷದಿಂದ ನಮ್ಮೆಲ್ಲರ ದನಿಯನ್ನು ಊರಿಗೆ ಕೇಳಿಸಿದ ನನ್ನ ಶಿಷ್ಯ ಮುನಾವರ್‌ಗೆ, ಈ ಶಾಲೆಯ ಪರವಾಗಿ, ಅನಂತ ವಂದನೆಗಳು.”

ಮುನಾವರ್ ಎದ್ದುನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮುಗಿದು, ಒಮ್ಮೆ ಸಲಾಮು ಮಾಡಿದ.

ಮೇಷ್ಟ್ರು ಪಟ್ಟಿ ನೋಡಿದರು. ಕೆಳಗೆ ಏನೂ ಇರಲಿಲ್ಲ. ಇಷ್ಟು ದೂರ ಅವರು ಎಂದೂ ಬಂದಿರಲಿಲ್ಲ. ಮುಗಿಸುವ ಸಾಲನ್ನು ಬರೆದಿಟ್ಟುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ.

“ಮುನಾವರ್, ಆಮ್ಯಾಕೆ ಏನ್ ಹೇಳ್ಬೇಕ್ಲಾ?” ಎಂದುಬಿಟ್ಟರು, ಮೈಕಿನಲ್ಲೇ.

ತೆಂಗಿನ ಮರಕ್ಕೆ ಕಟ್ಟಿದ್ದ ಎರಡು ಹಾರ್ನ್‌ಗಳಲ್ಲಿ ಒಂದು ಊಟದ ಪಂಕ್ತಿಯ ಕಡೆ ತಿರುಗಿತ್ತು. ಶಾಲೆಯ ಹಿಂದಿನಿಂದ ಹೋ ಎಂದು ನಗು ಎದ್ದಿತು. ಅಷ್ಟರಲ್ಲಿ ಅಡುಗೆಯ ಲಕ್ಕಯ್ಯ ಸೌಟು ಹಿಡಿದುಕೊಂಡೇ ಗೋಡೆಯ ಮೂಲೆಯಿಂದ ಧುಮುಗುಟ್ಟುತ್ತ ಬಂದ.

“ಆಗ್ಲಿಂದ ಕೇಳ್ತಾನೇ ಇವ್ನಿ ಸಾ. ಹದ್ನಾಕು ಜನಕ್ಕೆ ಹೇಳುದ್ರಿ. ಕುರ್ಚಿ ಜೋಡಿಸ್ದೋರಿಗೂ ಹೇಳುದ್ರಿ. ಬೆಳಿಗ್ಗೆ ನಾಕು ಗಂಟೆಗೆದ್ದು ಹೋಳಿಗೆ ತಟ್ಟಿದ್ದು ನಾನು. ನನ್ನೆಸ್ರು ಎಲ್ಲೋಯ್ತು?”

ಆ ಶಾಲೆಯ ಸಮಾರಂಭಗಳಲ್ಲಿ ಊಟ ಅಪರೂಪ. ಪಟ್ಟಿಯಲ್ಲಿ ಅಡುಗೆಯವರು ಇರಲೇ ಇಲ್ಲ.

ಬೇರೆ ಯಾರಾಗಿದ್ದರೂ ನಾಚುತ್ತಿದ್ದರು. ಚಿಕ್ಕಹನುಮಯ್ಯನವರ ಮುಖ ಅರಳಿತು. ಒಬ್ಬ ಮನುಷ್ಯ ಮೊದಲಿಂದ ಕೊನೆಯವರೆಗೆ ಕೇಳಿ, ಎಣಿಸಿ, ನೊಂದು ಬಂದಿದ್ದಾನೆ!

“ಇನ್ನೊಂದ್ಸಲ ಹೇಳು ಲಕ್ಕಯ್ಯ. ಎಷ್ಟು ಜನ ಅಂದೆ?”

“ಹದ್ನಾಕು ಸಾ.”

“ಎಲ್ಲಾ ಕೇಳಿಸ್ತಾ?”

“ಕೇಳ್ದೆ ಮತ್ತೆ? ಕಿವಿ ತೂತಾಗೋ ಹಂಗೆ ಕೇಳ್ತು.”

ಮೇಷ್ಟ್ರು ಪೆನ್ನು ತೆಗೆದು ಪಟ್ಟಿಯ ಕೆಳಗೆ ಲಕ್ಕಯ್ಯನ ಹೆಸರು ಬರೆದುಕೊಂಡರು, ದುಂಡಗೆ, ಯಾವ ಅವಸರವೂ ಇಲ್ಲದೆ.

“ರೀ, ಹೋಳಿಗೆ ಖಾಲಿಯಾಯ್ತದೆ!” ಎಂದರು ಲಕ್ಷ್ಮಿದೇವಮ್ಮ.

“ಆಗ್ಲಿ ಬುಡೇ,” ಎಂದರು ಮೇಷ್ಟ್ರು, ಮೈಕಿಗೆ ಇನ್ನಷ್ಟು ಹತ್ತಿರ ಸರಿದು.